ಅಕ್ಕ ಹೋದಳು

ಸುಟ್ಟ ಮುಖವನ್ನು ಜನ ನೋಡುವುದಕ್ಕೂ ಒಂದು ವರಸೆ ಇದೆ. ಮೊದಲು ಕಣ್ಣು ಬೀಳುತ್ತದೆ, ತಕ್ಷಣ ಕಣ್ಣು ತಪ್ಪುತ್ತದೆ, ಆಮೇಲೆ ನಾನೇನೂ ನೋಡಲೇ ಇಲ್ಲಪ್ಪ ಎನ್ನುವ ಹಾಗೆ ಎದುರುಗೋಡೆಯ ಕ್ಯಾಲೆಂಡರಿನ ಮೇಲೆ ಹೋಗಿ ಕೂರುತ್ತದೆ. ಹನ್ನೊಂದನೆಯ ವಯಸ್ಸಿನಿಂದ ಅಕ್ಕ ಇದನ್ನು ಕಂಡುಕಂಡು ರೂಢಿಮಾಡಿಕೊಂಡಿದ್ದಳು. ಹೊಸಬರು ಎದುರಾದರೆ ತಾನೇ ಎಡಗೆನ್ನೆಯನ್ನು ಆಚೆ ತಿರುಗಿಸಿ ಅವರ ಕಷ್ಟ ತಪ್ಪಿಸುತ್ತಿದ್ದಳು. ಈಗ ಅವಳಿಗೆ ಅರವತ್ತು ದಾಟಿತ್ತು.

ನಿಜ ಹೇಳಬೇಕೆಂದರೆ ಅವಳನ್ನು ಅಕ್ಕ ಎಂದು ಕರೆಯಬೇಕಾದವಳು ಒಬ್ಬಳೇ, ಅವಳ ತಂಗಿ. ಆದರೆ ತಂಗಿ ಕವಯಿತ್ರಿ. ತನ್ನ ಬಾಲ್ಯವನ್ನೆಲ್ಲ ಪದ್ಯದಲ್ಲಿ ಬರೆದು ‘ಮೇಣದ ದಿನಗಳು’ ಎಂಬ ಪುಸ್ತಕ ಮಾಡಿದಳು. ಅದು ಕೈಯಿಂದ ಕೈಗೆ ಹೋಗಿ ಊರೂರಲ್ಲಿ ಹೆಸರಾಯಿತು. ಅಂದಿನಿಂದ ಕಂಡರಿಯದ ಜನವೂ ಅವಳನ್ನು ‘ಅಕ್ಕ’ ಎಂದೇ ಹೇಳುತ್ತಾರೆ, ನಾವೂ ಹಾಗೇ ಅನ್ನೋಣ.

ಅಕ್ಕನ ಕಸುಬು ಮೇಣದಬತ್ತಿ ಮಾಡುವುದು. ಮೇಣದ ಬೆಂಕಿಯಲ್ಲಿ ಬೆಂದವಳು ಮೇಣವನ್ನೇ ಹಿಡಿದು ಕೂತಿದ್ದಾಳಲ್ಲ ಎಂದು ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು. "ಮೇಣ ಏನ್ ಮಾಡ್ತು ಪಾಪ? ಬೆಂಕಿ ಬಂದಿದ್ದು ಒಲೆಯಿಂದ," ಎನ್ನುವಳು. ಬಲಗೈಯ ಕಿರುಬೆರಳೂ ಪಕ್ಕದ ಬೆರಳೂ ಅಂದೇ ಒಂದಾಗಿ ಅಂಟಿಹೋಗಿದ್ದವು. ಅಚ್ಚಿನೊಳಗಿನ ದಾರವನ್ನು ಬಿಗಿಹಿಡಿಯಲು ಅದೇ ಅನುಕೂಲ, ಇಕ್ಕಳದ ಖರ್ಚು ಉಳಿಯಿತು ಎಂದು ತಮಾಷೆ ಬೇರೆ ಮಾಡುವಳು. ಮದುವೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಅಪ್ಪ ಹೋದ ಮೇಲೆ ಅಪ್ಪನ ಕಡಾಯಿ, ಅಪ್ಪನ ತಗಡಿನ ಅಚ್ಚುಗಳು ಅವಳ ಪಾಲಿಗೆ ಬಂದವು.

ಪುಸ್ತಕ ಬಂದ ಹೊಸದರಲ್ಲಿ ತಂಗಿ ಒಂದು ಪ್ರತಿಯನ್ನು ತಾನೇ ತಂದುಕೊಟ್ಟಿದ್ದಳು. ಅಕ್ಕ ಕನ್ನಡಕ ಏರಿಸಿ, ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದಳು. ಮುಂದಿನ ಕೋಣೆಯಲ್ಲಿ ಮೇಣ ಕರಗುತ್ತಿದ್ದ ವಾಸನೆ, ನೆಲಕ್ಕೆ ತೊಟ್ಟಿಕ್ಕಿದ ಮೇಣವನ್ನು ಉಗುರಲ್ಲಿ ಎಬ್ಬಿಸಿ ಗೊಂಬೆ ಮಾಡುತ್ತಿದ್ದದ್ದು, ಎಲ್ಲ ಇದ್ದದ್ದು ಇದ್ದಂತೆಯೇ ಬಂದಿತ್ತು.

ಅಪ್ಪನ ಬೆರಳಿಗೆ ಬಿಸಿ ತಾಗದು,
ಅಪ್ಪನ ಬಾಯಿಗೆ ತಣ್ಣನೆ ಮಾತು ಬಾರದು.

ಇದನ್ನು ಓದಿ ಅವಳು ಒಬ್ಬಳೇ ಕೂತು ಬಿದ್ದುಬಿದ್ದು ನಕ್ಕಿದ್ದಳು. ಪುಟ ತಿರುವಿದರೆ ‘ಆ ಮಧ್ಯಾಹ್ನ’ ಎಂಬ ಪದ್ಯ ಬಂತು. ಅಕ್ಕ ಪುಸ್ತಕ ಮುಚ್ಚಿಟ್ಟಳು. "ಬೆಂಕಿ ಭಾಗ ಓದೋಕಾಗ್ಲಿಲ್ಲ ಕಣೇ ಗುಬ್ಬಿ," ಎಂದು ಫೋನಿನಲ್ಲಿ ಹೇಳಿದಾಗ, ಗುಬ್ಬಿ ಎಂದು ಕರೆಸಿಕೊಳ್ಳುವ ಆ ಕವಯಿತ್ರಿ, "ಓದ್ಬೇಡ ಬಿಡು ಅಕ್ಕ, ಸುಮ್ನೆ ಯಾಕೆ ನೋವು," ಎಂದಿದ್ದಳು. ಎಷ್ಟು ಅಂತಃಕರಣ ಇವಳಿಗೆ ಎಂದು ಅಕ್ಕನ ಕಣ್ಣು ತುಂಬಿತ್ತು.

ತಂಗಿಗೆ ಸಭೆಗಳು ಶುರುವಾದವು. ಶಾಲೆ, ಕಾಲೇಜು, ಗ್ರಂಥಾಲಯ, ಎಲ್ಲಿಗೂ ಅವಳು ಅಕ್ಕನನ್ನು ಕರೆಯಲಿಲ್ಲ. ಅಕ್ಕನೂ ಬರುತ್ತೇನೆ ಎನ್ನಲಿಲ್ಲ. ಮಕ್ಕಳು ಹೆದರಿಕೊಳ್ಳುತ್ತಾರೆ, ಅಲ್ಲದೆ ಅಂಥವರ ಪಕ್ಕದಲ್ಲಿ ಇಂಥ ಮುಖ ಯಾಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ತಂಗಿಗೆ ತನ್ನ ಮುಖದಿಂದ ನಾಚಿಕೆ ಎಂಬುದನ್ನು ಅವಳು ಹಳೆಯ ಸೀರೆಯ ಹಾಗೆ ಮಡಿಸಿ ಒಳಗಿಟ್ಟುಬಿಟ್ಟಿದ್ದಳು. ಆದರೂ ಒಂದು ಆಸೆ ಮಾತ್ರ ಸಾಯಲಿಲ್ಲ. ಒಂದೇ ಒಂದು ಸಲ, ನಾಲ್ಕು ಜನರೆದುರು, ಇವಳು ನನ್ನಕ್ಕ ಎಂದು ಗುಬ್ಬಿ ಹೇಳಬೇಕು.

ಆ ವರ್ಷ ತಂಗಿಯ ಒಂದು ಕಣ್ಣಿನ ಪೊರೆ ತೆಗೆದರು. ಇನ್ನೊಂದು ಕಣ್ಣು ಮೊದಲಿಂದಲೂ ಅಷ್ಟಕ್ಕಷ್ಟೇ. ಅಕ್ಕ ಕಡಾಯಿ ತೊಳೆದು ಕವುಚಿಟ್ಟು, ಬಾಗಿಲಿಗೆ ಬೀಗ ಜಡಿದು, ಬಸ್ಸು ಹತ್ತಿ ಬಂದಳು. ಮೂರನೆಯ ಮಹಡಿಯ ಮನೆಯಲ್ಲಿ ಅಡುಗೆ, ಬಟ್ಟೆ, ಹೊತ್ತುಹೊತ್ತಿಗೆ ಕಣ್ಣಿಗೆ ಡ್ರಾಪ್ಸ್, ಎಲ್ಲ ಅವಳದೇ. ಅಂಟಿದ ಎರಡು ಬೆರಳಿಂದ ತಂಗಿಯ ರೆಪ್ಪೆ ಬಿಡಿಸಿ ಹಿಡಿದು, ಒಂದೇ ಒಂದು ಹನಿ ನಡುವಿಗೆ ಬೀಳುವಂತೆ ಹಾಕುತ್ತಿದ್ದಳು. ತಂಗಿ ಆಸ್ಪತ್ರೆಯ ನರ್ಸಿಗಿಂತ ನೀನೇ ವಾಸಿ ಎನ್ನುವಳು.

ಈ ನಡುವೆ ಒಂದು ಶಾಲೆಯ ಕಾರ್ಯಕ್ರಮ ಬಂತು. ‘ಆ ಮಧ್ಯಾಹ್ನ’ ಒಂಬತ್ತನೆಯ ತರಗತಿಗೆ ಪಾಠವಾಗಿತ್ತು. ಬರೆದವರೇ ಬಂದು ಮಕ್ಕಳೊಂದಿಗೆ ಮಾತಾಡುತ್ತಾರೆಂದು ಯಾವತ್ತೋ ನಿಶ್ಚಯವಾಗಿತ್ತು.

"ಮುಂದಕ್ಕೆ ಹಾಕೋಕಾಗಲ್ವೇನೇ?" ಎಂದಳು ಅಕ್ಕ.

"ಮಕ್ಕಳು ಕಾಯ್ತಿದ್ದಾರೆ ಅಕ್ಕ. ಚಿತ್ರಗಿತ್ರ ಎಲ್ಲ ಬರ್ದಿದ್ದಾರಂತೆ."

ಜೊತೆಗೆ ಬರಲು ತಂಗಿ ಒಬ್ಬ ಗೆಳತಿಗೆ ಫೋನು ಮಾಡಿದಳು. ಅವಳಿಗೆ ಜ್ವರ. ಇನ್ನೊಬ್ಬಳಿಗೆ ಮಾಡಿದಳು. ಅವಳು ಊರಲ್ಲಿಲ್ಲ. ಕೈ ಹಿಡಿದು ಮೆಟ್ಟಿಲು ಹತ್ತಿಸುವವಳು ಎದುರಿಗೇ ಕೂತು ಅವರೆಕಾಳಿನಷ್ಟು ಸಣ್ಣಗೆ ಈರುಳ್ಳಿ ಹೆಚ್ಚುತ್ತಿರುವಾಗ ಈ ಫೋನುಗಳೆಲ್ಲ ಯಾತಕ್ಕೆ ಎಂದು ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು. ಅಕ್ಕ ಚಾಕು ಕೆಳಗಿಟ್ಟು, "ನಾನು ಶಾಲು ಹೊದ್ಕೊಂಡು ಬರ್ತೀನಿ ಬಿಡೇ, ಯಾರಿಗೂ ಕಾಣಲ್ಲ," ಎಂದಳು.

"ಅಯ್ಯೋ, ಅದಕ್ಕಲ್ಲ ಅಕ್ಕ..."

"ಮತ್ಯಾಕೆ?"

ತಂಗಿ ಕಪ್ಪು ಕನ್ನಡಕವನ್ನು ಸರಿಮಾಡಿಕೊಂಡಳು. "ಸರಿ, ಬಾ. ಆದ್ರೆ ನೀನು ಕಾರಲ್ಲೇ ಕೂತಿರು."

ಕಾರಲ್ಲಿ ಕೂರಲು ಕಾರಿರಬೇಕಲ್ಲ? ಶಾಲೆಯ ವಾಚ್‌ಮನ್ ಗೇಟಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ ಎಂದು ಬಾಡಿಗೆ ಕಾರನ್ನು ಅಟ್ಟಿಬಿಟ್ಟ. ಸಭಾಂಗಣ ಮೇಲಿನ ಮಹಡಿಯಲ್ಲಿತ್ತು. ಅಕ್ಕ ಶಾಲನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡು, ತಂಗಿಯ ತೋಳು ಹಿಡಿದು, "ಇನ್ನೊಂದು ಮೆಟ್ಲು, ಹಾಂ, ಈಗ ಸಮ," ಎಂದು ಹೇಳಿಕೊಡುತ್ತ ಹತ್ತಿಸಿದಳು. ಮೇಲೆ ಹೆಡ್‌ಮಿಸ್ಸು ಹೂಗುಚ್ಛ ಹಿಡಿದು ನಿಂತಿದ್ದರು. ಅಕ್ಕನನ್ನು ನೋಡಿದರು, ಕಣ್ಣು ತಪ್ಪಿಸಿದರು, ಗೋಡೆ ನೋಡಿದರು.

"ಇವರು?" ಎಂದು ತಂಗಿಯನ್ನು ಕೇಳಿದರು.

ಅಕ್ಕ ಉಸಿರು ಬಿಗಿಹಿಡಿದಳು. ಇಷ್ಟು ಹತ್ತಿರ ಆ ಮಾತು ಯಾವತ್ತೂ ಬಂದಿರಲಿಲ್ಲ.

"ನಮ್ಮ ಮನೇಲಿರೋರು," ಎಂದಳು ತಂಗಿ.

ಸುಳ್ಳೇನಲ್ಲ, ಇದ್ದದ್ದು ಅವಳ ಮನೆಯಲ್ಲೇ. ಹೆಡ್‌ಮಿಸ್ಸಿಗೆ ತಕ್ಷಣ ಅರ್ಥವಾಯಿತು, ಅಂದರೆ ತಪ್ಪಾಗಿ ಅರ್ಥವಾಯಿತು. "ನೀವು ಹಿಂದೆ ಕೂತ್ಕೊಳ್ಳಿ ಅಮ್ಮ, ಆಯಾ ಟೀ ಕೊಡ್ತಾಳೆ," ಎಂದು ಹೇಳಿ ಕವಯಿತ್ರಿಯನ್ನು ವೇದಿಕೆಗೆ ಕರೆದೊಯ್ದರು. ಅಕ್ಕ ಕೊನೆಯ ಸಾಲಿನ ಬೆಂಚಿನ ತುದಿಯಲ್ಲಿ ಕೂತಳು. ಪಕ್ಕದಲ್ಲಿ ಒಬ್ಬ ಹುಡುಗಿ, ಒಂದು ಮೊಣಕೈಗೆ ಶಾಯಿ ಮೆತ್ತಿಕೊಂಡವಳು, ಸಿಟ್ಟಿನಲ್ಲಿ ಉಗುರು ಕಚ್ಚುತ್ತಿದ್ದಳು.

ಗೋಡೆಯ ತುಂಬ ಮಕ್ಕಳು ಬರೆದ ಚಿತ್ರಗಳಿದ್ದವು. ಒಂದರಲ್ಲಿ ಮನೆ ಉರಿಯುತ್ತಿತ್ತು, ಎರಡು ಜಡೆಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಕೆಳಗೆ ‘ಅಕ್ಕ’ ಎಂದು ಬರೆದಿತ್ತು. ನಾನ್ಯಾವತ್ತು ಎರಡು ಜಡೆ ಹಾಕಿದ್ದೆ ಎಂದು ಅಕ್ಕನಿಗೆ ನಗು ಬಂತು. ಹುಡುಗಿಯ ಎರಡೂ ಕೆನ್ನೆ ಗುಲಾಬಿ ಬಣ್ಣ. ಯಾರೋ ಪುಣ್ಯಾತ್ಮರು ತನ್ನ ಮುಖವನ್ನು ಮತ್ತೆ ತುಂಬಿಕೊಟ್ಟ ಹಾಗೆ ಅವಳಿಗೆ ಸಂತೋಷವಾಯಿತು. ಪಕ್ಕದ ಚಿತ್ರದಲ್ಲಿ ಅದೇ ಹುಡುಗಿ ಮೋಡದ ಮೇಲೆ ಕೂತಿದ್ದಳು, ತಲೆಯ ಸುತ್ತ ನಕ್ಷತ್ರಗಳು. ಇದ್ಯಾಕಪ್ಪ ಮೋಡದ ಮೇಲೆ ಎಂದುಕೊಳ್ಳುವಷ್ಟರಲ್ಲಿ ವೇದಿಕೆಯ ಮೇಲೆ ವಿದ್ಯಾರ್ಥಿನಿಯೊಬ್ಬಳು ಪದ್ಯ ಓದತೊಡಗಿದಳು. ಅಕ್ಕ ಅಷ್ಟು ವರ್ಷ ಮುಚ್ಚಿಟ್ಟ ಪುಟ ಅದು. ಎದ್ದು ಹೋಗೋಣವೆಂದರೆ ಬೆಂಚು ಕಿರುಗುಟ್ಟಿತು. ಕೂತೇ ಕೇಳಿದಳು.

ಮೇಣದ ಮನೆಗೆ ಬೆಂಕಿ ಹೊಕ್ಕಿತು,
ಹಗಲಿಗೇ ಹಗಲು ಹತ್ತಿತು.
ನನ್ನನ್ನು ಬೀದಿಗೆ ತಳ್ಳಿದಳು ಅಕ್ಕ.
‘ನನ್ನ ಪುಸ್ತಕ!’ ಎಂದೆ ನಾನು.
ಒಳಗೆ ಹೋದಳು.
ಬೀದಿಯೆಲ್ಲ ಬೊಬ್ಬೆಯಿಟ್ಟಿತು, ನಾನು ಸುಮ್ಮನಿದ್ದೆ.
ಅಕ್ಕ ಹೋದಳು.

ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಅಕ್ಕನಿಗೆ ಮೊದಲು ಹೊಳೆದದ್ದು ಪುಸ್ತಕದ ವಿಷಯ. ಪುಸ್ತಕ ಎಲ್ಲಿತ್ತು? ಗುಬ್ಬಿ ಆಗ ಶಾಲೆಗೇ ಸೇರಿರಲಿಲ್ಲ. ಸೇರುವುದಕ್ಕೆಂದು ಅಪ್ಪ ಹೊಸ ಬೂಟು ತಂದಿದ್ದ, ಅದನ್ನು ಹಾಸಿಗೆಯಲ್ಲೂ ಬಿಡದೆ ತಬ್ಬಿಕೊಂಡು ಮಲಗುತ್ತಿತ್ತು ಮಗು. "ನನ್ ಬೂಟು, ನನ್ ಬೂಟು," ಎಂದು ಬೀದಿಯಲ್ಲಿ ಕಾಲು ಬಡಿದಿತ್ತು. ಅಕ್ಕ ಒಳಗೆ ನುಗ್ಗಿದ್ದಳು, ಸಿಕ್ಕಿದ್ದು ಒಂದೇ ಕಾಲಿನದು. ಹೋಗಲಿ, ಪದ್ಯಕ್ಕೆ ಬೂಟಿಗಿಂತ ಪುಸ್ತಕ ಚೆಂದ ಕಾಣುತ್ತದೇನೋ ಎಂದು ಅವಳು ಅದನ್ನೂ ಮಾಫಿ ಮಾಡಿದಳು.

ಆಗ ಭಾಷೆಯ ಮೇಷ್ಟ್ರು ಎದ್ದು ನಿಂತರು.

"ಮಕ್ಕಳೇ, ಅಕ್ಕ ಪ್ರಾಣ ಕೊಟ್ಟು ಉಳಿಸಿದ್ದು ಏನನ್ನ?"

"ಪುಸ್ತಕಾನ!" ಎಂದು ಇಡೀ ಸಭಾಂಗಣ ಕೂಗಿತು.

"ಅಂಥ ಪುಸ್ತಕಾನ ನೀವು ಓದದೆ ಬೆಂಚಿನ ಕೆಳಗೆ ಎಸೀತೀರಲ್ಲ, ಸತ್ತ ಆ ಮಗೂಗೆ ಎಷ್ಟು ನೋವಾಗ್ಬೇಡ?"

ಪ್ರಾಣ ಕೊಟ್ಟು. ಸತ್ತ ಮಗು. ಅಕ್ಕ ಮತ್ತೆ ಮೋಡದ ಮೇಲಿನ ಹುಡುಗಿಯನ್ನು ನೋಡಿದಳು. ಈಗ ನಕ್ಷತ್ರಗಳು ಯಾಕೆಂದು ತಿಳಿಯಿತು. ಆಯಾ ಕೊಟ್ಟ ಟೀ ಲೋಟವನ್ನು ಬೆಂಚಿನ ಮೇಲಿಟ್ಟು, ಶಾಲಿನ ತುದಿಯಲ್ಲಿ ಕೈ ಒರೆಸಿಕೊಂಡಳು.

ಹೋದಳು. ಬಸ್ಸಿಗೆ ಹೋದರೂ ಹೋದಳು, ಪ್ರಾಣ ಹೋದರೂ ಹೋದಳು. ನಮ್ಮ ಮಾತೇ ಹಾಗೆ, ಸತ್ತರು ಎನ್ನಲು ನಾಲಗೆ ಏಳದೆ ಹೋದರು ಎಂದುಬಿಡುತ್ತೇವೆ. ಅದಕ್ಕೇ ಅಲ್ಲವೇ, ಅಂಗಡಿಗೆ ಹೊರಟವರೂ ಹೊಸಿಲಲ್ಲಿ ನಿಂತು ಹೋಗ್ತೀನಿ ಎನ್ನದೆ ಹೋಗಿ ಬರ್ತೀನಿ ಎನ್ನುವುದು? ಅಂದು ಬ್ರೆಡ್ಡಿನ ಅಂಗಡಿಯವನ ವ್ಯಾನಿನಲ್ಲಿ ಗೋಣಿತಾಟಿನ ಮೇಲೆ ಅವಳನ್ನು ಮಲಗಿಸಿದ್ದರು. ತುಟಿಯ ಅರ್ಧ ಬೆಂದುಹೋಗಿತ್ತು. ಆದರೂ ಒಂದು ಕಾಲಿನ ಬೂಟು ಹಿಡಿದು ನಿಂತ ಗುಬ್ಬಿಯನ್ನು ಕಂಡು, ಉಳಿದ ಅರ್ಧ ತುಟಿಯಲ್ಲಿ, "ಹೋಗಿ ಬರ್ತೀನಿ ಕಣೇ, ಅಳ್ಬೇಡ," ಎಂದಿದ್ದಳು. ಆಸ್ಪತ್ರೆಯಲ್ಲಿ ಬಹಳ ಕಾಲ ಇದ್ದು, ಕೊನೆಗೆ ಹೇಳಿದಂತೆ ಬಂದೂ ಇದ್ದಳು. ಆದರೆ ತಂಗಿಯ ಪದ್ಯ ಅವಳು ಹೋದಲ್ಲಿಗೇ ಮುಗಿದುಹೋಗಿತ್ತು.

ಪಕ್ಕದ ಶಾಯಿ ಮೊಣಕೈ ಮೇಲೆದ್ದಿತು.

"ಮಿಸ್, ನಾನೊಂದು ಕೇಳ್ಬೇಕು."

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಮತ್ತೆ ಅದೇ ರಾಗ ತೆಗೀಬೇಡ, ಕೂತ್ಕೋ." ತಂಗಿ ನಗುತ್ತ, "ಕೇಳಲಿ ಬಿಡಿ ಸರ್," ಎಂದಳು.

"ಪರೀಕ್ಷೆಲಿ ‘ಅಕ್ಕನ ಸಾವು ಕವಯಿತ್ರಿಯ ಮೇಲೆ ಬೀರಿದ ಪರಿಣಾಮವೇನು’ ಅಂತ ಕೇಳಿದ್ರು ಮಿಸ್. ನಾನು, ಅಕ್ಕ ಸತ್ತಳು ಅಂತ ಪದ್ಯದಲ್ಲಿ ಎಲ್ಲೂ ಇಲ್ಲ, ಒಳಗೆ ಹೋದಳು, ಆಮೇಲೆ ಆಸ್ಪತ್ರೆಗೆ ಹೋಗಿರಬಹುದು, ಅಂತ ಬರ್ದೆ. ಸರ್ ಸೊನ್ನೆ ಕೊಟ್ಟು ಹಿಂದಿನ ಬೆಂಚಿಗೆ ಕಳಿಸಿದ್ರು. ನೀವೇ ಹೇಳಿ ಮಿಸ್, ನಾನು ಬರ್ದಿದ್ದು ಸರಿನಾ ತಪ್ಪಾ?"

ಮಕ್ಕಳು ಗೊಳ್ಳೆಂದು ನಕ್ಕರು. ಅಕ್ಕ ನಗಲಿಲ್ಲ. ದೇವರೇ ಬಂದು ಕೇಳಿದ್ದರೂ ಇಷ್ಟು ನೇರವಾಗಿ ಕೇಳುತ್ತಿರಲಿಲ್ಲ. ಗುಬ್ಬಿ ಈಗ ಒಂದೇ ಮಾತು ಹೇಳಿದರೆ ಸಾಕು. ಸರಿ ಮಗು, ನನ್ನಕ್ಕ ಬದುಕಿದ್ದಾಳೆ, ಅಗೋ ನಿನ್ನ ಪಕ್ಕದಲ್ಲೇ ಕೂತಿದ್ದಾಳೆ. ಅಷ್ಟೇ. ಆಗ ಎಲ್ಲರೂ ತಿರುಗುತ್ತಾರೆ, ನೋಡುತ್ತಾರೆ, ನೋಡಲಿ. ಅಕ್ಕ ಶಾಲನ್ನು ತಲೆಯಿಂದ ಕೆಳಗಿಳಿಸಿದಳು. ಯಾವತ್ತೂ ಆಚೆ ತಿರುಗಿಸುತ್ತಿದ್ದ ಎಡಗೆನ್ನೆಯನ್ನು ತಾನಾಗಿಯೇ ಸಭೆಯ ಕಡೆಗೆ ಹಿಡಿದು, ಕರೆದರೆ ಏಳಲು ಅನುವಾಗಿ ಬೆಂಚಿನ ಅಂಚಿಗೆ ಸರಿದು ಕೂತಳು.

ವೇದಿಕೆಯ ಮೇಲೆ ಕಪ್ಪು ಕನ್ನಡಕ ಹಿಂದಿನ ಬೆಂಚಿನ ಕಡೆಗೆ ತಿರುಗಿತು. ತಂಗಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ, ಆದರೆ ಅಲ್ಲಿ ಯಾರಿದ್ದಾರೆಂದು ಗೊತ್ತಿತ್ತು. ಹೆಡ್‌ಮಿಸ್ಸು ಕಾಯುತ್ತಿದ್ದರು. ಮೇಷ್ಟ್ರು ಕಾಯುತ್ತಿದ್ದರು. ಮೋಡದ ಮೇಲಿನ ಹುಡುಗಿಯೂ ಕಾಯುತ್ತಿರುವಂತಿತ್ತು. ತಂಗಿ ನೀರು ಕುಡಿದಳು.

"ತಪ್ಪು ಮಗು," ಎಂದಳು. "ನನ್ನಕ್ಕ ಅವತ್ತೇ ತೀರಿಕೊಂಡಳು."

ಹೋದಳು ಎಂದೂ ಅನ್ನಲಿಲ್ಲ. ಅನುಮಾನಕ್ಕೆ ಎಡೆಯಿಲ್ಲದ ಮಾತನ್ನೇ ಹುಡುಕಿ ಹೇಳಿದಳು.

ಹೆಡ್‌ಮಿಸ್ಸು ಕಣ್ಣೊರೆಸಿಕೊಂಡು ಮೈಕಿನ ಹತ್ತಿರ ಬಂದರು. "ಎಲ್ರೂ ಎದ್ದು ನಿಂತು, ಆ ಪುಟ್ಟ ಜೀವಕ್ಕಾಗಿ ಒಂದು ನಿಮಿಷ ಮೌನ ಆಚರಿಸೋಣ." ಬೆಂಚುಗಳು ಸದ್ದು ಮಾಡಿದವು. ಎಲ್ಲರೂ ಎದ್ದರು. ಆಯಾ ಕೂಡ ಟೀ ತಟ್ಟೆ ಕೆಳಗಿಟ್ಟು ನಿಂತಳು. ಕೂತೇ ಇದ್ದರೆ ಸತ್ತವರಿಗೆ ಮರ್ಯಾದೆ ಕೊಡದವಳು ಎಂದಾಗುತ್ತಿತ್ತು. ಹಾಗಾಗಿ ಅಕ್ಕ ಮಂಡಿಯ ಮೇಲೆ ಕೈಯೂರಿ ಎದ್ದಳು. ತಲೆ ತಗ್ಗಿಸಿ, ಎಲ್ಲರ ಜೊತೆ, ತನಗಾಗಿ ತಾನೇ ನಿಂತಳು. ಕೆಮ್ಮು ಬಂದರೂ ಮೌನ ಕೆಡುತ್ತದೆಂದು ತಡೆದುಕೊಂಡಳು. ಅಷ್ಟು ಅವಮಾನ ಅವಳಿಗೆ ಬೆಂಕಿಯೂ ಮಾಡಿರಲಿಲ್ಲ.

ಪಕ್ಕದ ಹುಡುಗಿ ತಲೆ ತಗ್ಗಿಸಿ ಅಳುತ್ತಿದ್ದಳು, ಸತ್ತ ಮಗುವಿಗಲ್ಲ, ಸೊನ್ನೆಗೆ. ತಗ್ಗಿದ ಕಣ್ಣು ಬೆಂಚನ್ನು ಹಿಡಿದಿದ್ದ ಅಂಟುಬೆರಳುಗಳ ಮೇಲೆ ಬಿತ್ತು. ಅಲ್ಲಿಂದ ಮೇಲೆ ಕಿವಿಗೆ, ಕೆನ್ನೆಗೆ ಬಂತು. ಎಲ್ಲರ ಹಾಗೆ ತಪ್ಪಲಿಲ್ಲ, ಅಲ್ಲೇ ನಿಂತಿತು.

"ಅಜ್ಜಿ, ಇದು ಏನಾಗಿದ್ದು?" ಎಂದು ಪಿಸುಗುಟ್ಟಿದಳು.

"ಮೇಣ," ಎಂದಳು ಅಕ್ಕ.

ಹುಡುಗಿ ಬಾಯಿ ತೆರೆದಳು. ವೇದಿಕೆಯ ಕಡೆ ನೋಡಿದಳು, ಮತ್ತೆ ಈ ಕಡೆ ನೋಡಿದಳು.

"ನೀನು ಬರ್ದಿದ್ದು ಸರಿ ಕಣಮ್ಮ," ಎಂದಳು ಅಕ್ಕ. "ಆದ್ರೆ ಯಾರಿಗೂ ಹೇಳೋಕೆ ಹೋಗ್ಬೇಡ. ಇನ್ನೊಂದು ಸೊನ್ನೆ ಕೊಡ್ತಾರೆ."

ಮನೆಗೆ ಬಂದು ಅಕ್ಕ ಕೈ ತೊಳೆದಳು. ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ, ತಲೆ ಹಿಂದಕ್ಕೆ ಒರಗಿಸಿ, ರೆಪ್ಪೆ ಬಿಡಿಸಿ ಡ್ರಾಪ್ಸ್ ಹಾಕಿದಳು. ಹನಿ ಎಂದಿನಂತೆ ನಡುವಿಗೇ ಬಿತ್ತು. ಕಣ್ಣು ಮುಚ್ಚಿದ ತಂಗಿಯೇ ಮೊದಲು ಬಾಯಿಬಿಟ್ಟಳು.

"ನಾನು ಸತ್ತಳು ಅಂತ ಬರ್ದಿರ್ಲಿಲ್ಲ ಅಕ್ಕ. ಆಣೆಗೂ. ಅಚ್ಚು ಹಾಕಿಸಿದವರು ಓದಿ ಅತ್ತುಬಿಟ್ರು. ಎಂಥ ಸಾವು ಅಂದ್ರು. ಆಗ್ಲೇ ಹೇಳ್ಬೇಕಿತ್ತು. ಆಮೇಲೆ ಎಲ್ರೂ ಅಳೋಕೆ ಶುರು ಮಾಡಿದ್ರು."

"ಇವತ್ತು?"

"ಇವತ್ತು ಹೇಗೆ ಹೇಳ್ಲಿ? ಪಾಠ ಆಗಿದೆ. ಇಡೀ ಪುಸ್ತಕಾನೇ ಸುಳ್ಳು ಅಂತಾರೆ. ನಿನ್ನ ಮೇಲೇ ನಿಂತಿರೋ ಪುಸ್ತಕ ಅಕ್ಕ ಅದು."

"ನನ್ನ ಮೇಲಲ್ಲ, ನನ್ನ ಹೆಣದ ಮೇಲೆ," ಎಂದಳು ಅಕ್ಕ. ದನಿ ಏರಿರಲಿಲ್ಲ. "ನಾನು ಇಷ್ಟು ವರ್ಷ ಏನಂದ್ಕೊಂಡಿದ್ದೆ ಗೊತ್ತಾ ಗುಬ್ಬಿ? ನನ್ನ ಮುಖ ಕಂಡ್ರೆ ನಿಂಗೆ ನಾಚಿಕೆ ಅಂದ್ಕೊಂಡಿದ್ದೆ. ಅದಕ್ಕೆ ನಂಗೆ ಬೇಜಾರೇ ಇರ್ಲಿಲ್ಲ ಕಣೇ. ಮುಖ ಆದ್ರೆ ಶಾಲು ಹೊದ್ದು ಮುಚ್ಕೋಬಹುದು. ಬದುಕಿರೋದನ್ನ ಎಲ್ಲಿ ಮುಚ್ಕೊಳ್ಲಿ?"

ತಂಗಿ ಬಿಕ್ಕತೊಡಗಿದಳು. ಈಗ ಅಳಬಾರದು, ಡ್ರಾಪ್ಸೆಲ್ಲ ಹೊರಗೆ ಹರಿದುಹೋಗುತ್ತದೆ ಎಂದು ಅಕ್ಕನ ಬಾಯಿಗೆ ಬಂದಿತು, ಹೇಳಲಿಲ್ಲ. ಒಳಗೆ ಹೋಗಿ ತನ್ನ ನಾಲ್ಕು ಬಟ್ಟೆಯನ್ನು ಚೀಲಕ್ಕೆ ತುಂಬಿದಳು. ಅನ್ನ, ಸಾರು ಎಲ್ಲೆಲ್ಲಿದೆ ಎಂದು ಹೇಳಿದಳು. ಪಕ್ಕದ ಮನೆಯಾಕೆಯ ಬಾಗಿಲು ತಟ್ಟಿ, ಡ್ರಾಪ್ಸ್ ಹಾಕುವ ಹೊತ್ತುಗಳನ್ನು ತಿಳಿಸಿ ಬಂದಳು. ಚಪ್ಪಲಿ ಮೆಟ್ಟಿ ಹೊಸಿಲಲ್ಲಿ ನಿಂತಳು.

"ಹೋಗ್ತೀನಿ," ಎಂದಳು.

ಕುರ್ಚಿಯಲ್ಲಿದ್ದ ತಂಗಿ ಬೆಚ್ಚಿ, ಗೋಡೆ ಹಿಡಿದು ತಡವರಿಸುತ್ತ ಬಾಗಿಲವರೆಗೆ ಬಂದಳು. ಅಮ್ಮ ಚಿಕ್ಕಂದಿನಲ್ಲಿ ಬಾಯಿಗೆ ಬಡಿದು ಕಲಿಸಿದ ಮಾತು ತಾನಾಗಿಯೇ ಹೊರಗೆ ಬಂತು. "ಹಾಗನ್ಬೇಡ ಅಕ್ಕ, ಬರ್ತೀನಿ ಅನ್ನು. ನಿನ್ನ ಕಾಲಿಗೆ ಬೀಳ್ತೀನಿ, ಹೋಗಿ ಬರ್ತೀನಿ ಅನ್ನು."

"ತುಟಿ ಸುಟ್ಟಾಗ ಹೋಗೋದು, ಬರೋದು ಎರಡೂ ಹೇಳಿದ್ದೆ ಕಣೇ," ಎಂದಳು ಅಕ್ಕ. "ನೀನು ಒಂದನ್ನೇ ಇಟ್ಕೊಂಡೆ. ಅದೇ ಇರ್ಲಿ."

ತಂಗಿ ಕೈ ಚಾಚಿದಳು. ಆ ಕಣ್ಣಿಗೆ ಬಾಗಿಲಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಕಾಣುತ್ತಿರಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಒಂದೊಂದೇ ಮಹಡಿ ಇಳಿಯಿತು, ಆಮೇಲೆ ಕೆಳಗಿನ ಗೇಟು ಮುಚ್ಚಿದ್ದು ಕೇಳಿಸಿತು.

ಅಕ್ಕ ಹೋದಳು.